ಮನೆ ಇಳಿಯುವವರೆಗೆ

ನಾನು ಹುಟ್ಟಿದ್ದು ಮೂರನೇ ಮಹಡಿಯ ಮನೆಯಲ್ಲಿ. ಶಾಲೆಗೆ ಸೇರುವ ಹೊತ್ತಿಗೆ ಅದೇ ಮನೆ ಮೊದಲನೇ ಮಹಡಿಗೆ ಇಳಿದಿತ್ತು. ಮಗ್ಗಿ ಬಾಯಿಪಾಠವಾಗುವಷ್ಟರಲ್ಲಿ ನೆಲಕ್ಕೇ ಬಂದುಬಿಟ್ಟಿತು. ಬಾಗಿಲು ತೆಗೆದರೆ ಎದುರಿಗೆ ಗಲ್ಲಿ, ಗಲ್ಲಿಯಲ್ಲಿ ನಲ್ಲಿ, ನಲ್ಲಿಯ ಮುಂದೆ ಜಗಳ. ಹೌಸಿಂಗ್ ಬೋರ್ಡಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಬ್ಲಾಕು ಒಂದಷ್ಟು ಕೆಳಗೆ ಕೂರುತ್ತಿತ್ತು. ಹೀಗೆ ಕೂತು ಕೂತು ಕೆಳಗಿನ ಸಾಲಿನ ಕಿಟಕಿಗಳಿಗೆ ಮಣ್ಣು ತಾಗಿತೆಂದರೆ ಬೋರ್ಡಿನವರು ಬಂದು ಆ ಸಾಲಿನ ಬಾಗಿಲುಗಳಿಗೆ ಕೆಂಪು ಬಣ್ಣ ಬಳಿದು ಹೋಗುತ್ತಿದ್ದರು. ಮೇಲೆ ಹೊಸದೊಂದು ಸಾಲು ಎದ್ದು ನಿಲ್ಲುತ್ತಿತ್ತು. ಕೆಳಗಿನವರು ಮನೆ ಗುಡಿಸಿ, ಬಾಗಿಲಿಗೆ ಬೀಗ ಹಾಕದೆ, ಪಾತ್ರೆಪಗಡೆ ಹೊತ್ತುಕೊಂಡು ಮೇಲಕ್ಕೆ ಹೋಗುತ್ತಿದ್ದರು. ಆಮೇಲೆ ಮತ್ತೆ ಇಳಿಯುವುದು.

ಒಂದೊಂದು ಮಹಡಿಗೆ ಒಂದೊಂದು ಗುಣ. ಮೂರನೆಯದರಲ್ಲಿ ಗಾಳಿ ಧಾರಾಳ, ನೀರು ಕಷ್ಟ. ಎರಡನೆಯದರಲ್ಲಿ ಮೇಲಿನವರ ಒದ್ದೆ ಬಟ್ಟೆಯ ನೀರು ನಮ್ಮ ಬಾಲ್ಕನಿಗೆ ತೊಟ್ಟಿಕ್ಕುತ್ತದೆ, ಅದಕ್ಕಾಗಿ ದಿನಬೆಳಗಾದರೆ ರಂಪ. ಮೊದಲನೆಯದು ಎಲ್ಲರಿಗೂ ಇಷ್ಟ. ನೆಲದ ಮನೆಯಲ್ಲಿ ಇಲಿ, ತೇವ, ಗೋಡೆಯ ತುಂಬ ಬೂಷ್ಟು. ಆದರೂ ವಯಸ್ಸಾದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದುದು ಆ ನೆಲದ ಮನೆಯನ್ನೇ. ಮೆಟ್ಟಿಲು ಹತ್ತಲಾಗದವರಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇರಲಿಲ್ಲ. ಹೆಣ್ಣು ನೋಡಲು ಬಂದವರೂ ಹುಡುಗಿಯ ಹೆಸರು ಕೇಳುವ ಮೊದಲು ಯಾವ ಮಹಡಿ ಎಂದು ಕೇಳುತ್ತಿದ್ದರು. ನೆಲದ ಮನೆಯವಳಾದರೆ ಸಂತೋಷ, ಹುಡುಗ ಅಳಿಯನಾಗಿ ಬರುವ ಹೊತ್ತಿಗೆ ಅವರಿಗೆ ಮೇಲೆ ಹೊಸ ಮನೆ.

ನಮ್ಮದು ಎ ಬ್ಲಾಕು. ಎದುರಿಗೆ ಬಿ ಬ್ಲಾಕು. ನಡುವಿನ ಗಲ್ಲಿ ಎಷ್ಟು ಕಿರಿದೆಂದರೆ ಈ ಬಾಲ್ಕನಿಯಿಂದ ಆ ಬಾಲ್ಕನಿಗೆ ಬಿದಿರ ಕೋಲಿನ ತುದಿಗೆ ಬುಟ್ಟಿ ಸಿಕ್ಕಿಸಿ ಸಾರು, ಉಪ್ಪಿನಕಾಯಿ, ಮಗುವಿನ ಲಂಗ, ಏನು ಬೇಕಾದರೂ ದಾಟಿಸಬಹುದಿತ್ತು. ನಮ್ಮ ನೇರ ಎದುರಿಗೆ ಜುಬೇದಮ್ಮನ ಮನೆ. ನಾವು ಇಳಿದಾಗ ಅವರೂ ಇಳಿದರು, ನಾವು ಮೇಲೆ ಹೋದಾಗ ಅವರೂ ಹೋದರು. ನನ್ನ ಅಮ್ಮ ದೇವೀರಮ್ಮನ ಗಂಡ ಬೇಗ ತೀರಿಕೊಂಡ. ಜುಬೇದಮ್ಮನ ಗಂಡ ಬದುಕಿದ್ದೂ ಇಲ್ಲದವನ ಹಾಗೆ ಯಾವುದೋ ಲಾರಿಯಲ್ಲಿ ಊರೂರು ಅಲೆಯುತ್ತಿದ್ದ. ಇಬ್ಬರೂ ತಮ್ಮ ತಮ್ಮ ಬಾಲ್ಕನಿಯಲ್ಲಿ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದರು. ಹಿಟ್ಟು ಮೆತ್ತಿ ಕಪ್ಪಾದ ಕೈಗಳು ಒಂದೇ ಸಮನೆ ಆಡುತ್ತಿದ್ದವು, ಬಾಯಿ ಅದಕ್ಕಿಂತ ಹೆಚ್ಚು ಆಡುತ್ತಿತ್ತು. ಅಮ್ಮ ನನಗೆ ಬಯ್ಯುವಾಗ ಅರ್ಧ ಬೈಗುಳ ಆ ಕಡೆಯಿಂದ ಬರುತ್ತಿತ್ತು. ನನಗೆ ಇಬ್ಬರು ತಾಯಂದಿರು ಎಂದರೆ ಸುಳ್ಳಲ್ಲ, ಆದರೆ ಆ ಭಾಗ್ಯವನ್ನು ಆಗ ನಾನು ಭಾಗ್ಯವೆಂದುಕೊಂಡಿರಲಿಲ್ಲ.

ನೀರು ಹೊತ್ತು ಹೊತ್ತು ಅಮ್ಮನ ಮಂಡಿಗಳು ಹೋದವು. ಮೆಟ್ಟಿಲು ಎಂದರೆ ಕಣ್ಣಲ್ಲಿ ನೀರು. ಸಮತಟ್ಟಾದ ಕಡೆ ಗೋಡೆ ಹಿಡಿದು ನಡೆಯುತ್ತಿದ್ದಳು, ಅಷ್ಟೆ. ಜುಬೇದಮ್ಮ ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಅವಳದೂ ಅದೇ ಗತಿ. ನೆಲದ ಮನೆಯಲ್ಲಿದ್ದಷ್ಟು ದಿನ ಹೇಗೋ ನಡೆಯಿತು. ಬಾಗಿಲಿಗೆ ಕೆಂಪು ಬಣ್ಣ ಬಿದ್ದ ವರ್ಷ ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಹೊರಬೇಕಾಯಿತು. ನಮ್ಮಲ್ಲಿ ಅದಕ್ಕೆಂದೇ ನಾಲ್ಕು ಜನ ಗಟ್ಟಿ ಆಳುಗಳಿದ್ದರು. ಅಮ್ಮನನ್ನು ಮೂರನೇ ಮಹಡಿಗೆ ಮುಟ್ಟಿಸಿ, ಕುರ್ಚಿ ಇಳಿಸಿ, ಅವರಲ್ಲಿ ಹಿರಿಯನಾದ ಮಾರಣ್ಣ ಬೆವರು ಒರೆಸಿಕೊಂಡು, "ಇನ್ ಆಯ್ತು ಕಣಕ್ಕ. ಇನ್ ನಿನ್ನ ಮನೇನೇ ಇಳಿಸ್ಬೇಕು," ಅಂದ.

ಅದು ಅವನು ಸುಮ್ಮನೆ ಆಡಿದ ಮಾತಲ್ಲ. ನಮ್ಮ ಬ್ಲಾಕುಗಳಲ್ಲಿ ಬದುಕಿರುವವರನ್ನು ಹೊತ್ತು ಮೇಲೆ ತರುತ್ತಿದ್ದರೇ ಹೊರತು ಹೊತ್ತು ಕೆಳಗೆ ಒಯ್ಯುತ್ತಿರಲಿಲ್ಲ. ಹೊತ್ತು ಇಳಿಸುವುದು ಹೆಣವನ್ನು ಮಾತ್ರ. ಆಸ್ಪತ್ರೆಗೆಂದು ಕುರ್ಚಿಯಲ್ಲಿ ಇಳಿದ ಒಬ್ಬಿಬ್ಬರು ವಾಪಸ್ ಬರಲಿಲ್ಲವಂತೆ. ಅದಾದ ಮೇಲೆ ಮೆಟ್ಟಿಲಲ್ಲಿ ಯಾರನ್ನಾದರೂ ಹೊತ್ತು ಇಳಿಸುವ ಸದ್ದು ಕೇಳಿದರೆ ಸಾಕು, ಹೆಂಗಸರು ಒಲೆ ಆರಿಸಿ ಹೊರಗೆ ಬಂದು ಗೋಳೋ ಎಂದು ಅಳುತ್ತಿದ್ದರು. ಹೀಗಾಗಿ ಕುರ್ಚಿಯಲ್ಲಿ ಮೇಲೆ ಹೋದವರು ಅಲ್ಲೇ ಕೂತು, ವರ್ಷಗಟ್ಟಲೆ, ಮನೆ ತಮ್ಮನ್ನು ನೆಲಕ್ಕೆ ತಲುಪಿಸುವುದನ್ನು ಕಾಯುತ್ತಿದ್ದರು. ತಲುಪಿದವರು ಬಹಳ ಕಡಿಮೆ. ತಲುಪಿದವರು ಗಲ್ಲಿಗೆ ಮೊದಲ ಹೆಜ್ಜೆ ಇಟ್ಟ ದಿನ ಎರಡೂ ಬ್ಲಾಕಿನವರು ಸೇರಿ ಪಾಯಸ ಮಾಡುತ್ತಿದ್ದರು.

ಅಮ್ಮನೂ ಜುಬೇದಮ್ಮನೂ ಆವತ್ತೇ ಮಾತು ಮಾಡಿಕೊಂಡರು. ಮೇಲಿನ ಬಾಲ್ಕನಿಯಲ್ಲಿ ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ.

"ದೇವೀರಕ್ಕಾ, ಇಳಿದ್ರೆ ಇಬ್ರೂ ಒಟ್ಗೇ ಇಳಿಯೋದು. ನೀನು ಮೊದ್ಲು ನಾನು ಮೊದ್ಲು ಅಂತ ಇಲ್ಲ."

"ನಿನ್ ಬಿಟ್ಟು ನಾನ್ಯಾಕೆ ಇಳೀಲೇ? ಗಲ್ಲಿ ಮಧ್ಯ ಚಾಪೆ ಹಾಕ್ಕೊಂಡು ಕೂರಣ. ಊದ್ಗಡ್ಡಿ ಗೀದ್ಗಡ್ಡಿ ಏನೂ ಬ್ಯಾಡ. ಸುಮ್ನೆ ಕೂರದು."

"ಓಡಾಡೋರೆಲ್ಲ ನಮ್ಮನ್ನ ಸುತ್ತಾಕ್ಕೊಂಡು ಹೋಗ್ಲಿ."

"ಬಯ್ಕೊಂಡ್ ಹೋಗ್ಲಿ!"

ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಒಳಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಒಳಮನೆಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ನೆಲ ಬಂದಾಗ ಕಾಲು ಮರೆತಿರಬಾರದಲ್ಲ! ಎದುರಿಗೆ ಜುಬೇದಮ್ಮನೂ ಅಷ್ಟೆ. ಒಬ್ಬಳು ಸೋಮಾರಿತನ ಮಾಡಿದರೆ ಇನ್ನೊಬ್ಬಳು ಬಾಯಿಗೆ ಬಂದಂತೆ ಬಯ್ಯುತ್ತಿದ್ದಳು. ಮಳೆಗಾಲ ಜೋರಾಗಿ ಬರಲಿ ಎಂದು ಇಡೀ ಊರಿನಲ್ಲಿ ಬೇಡಿಕೊಳ್ಳುತ್ತಿದ್ದವರು ಇವರಿಬ್ಬರೇ ಇರಬೇಕು. ಮಳೆ ಬಂದಷ್ಟೂ ಮನೆ ಇಳಿಯುತ್ತದೆ.

ನಮ್ಮ ಮನೆ ಎರಡನೇ ಮಹಡಿಗೆ ಬಂದಾಗ ಬೋರ್ಡಿಗೆ ಹೊಸ ಎಂಜಿನಿಯರ್ ಬಂದ. ಒಳ್ಳೆಯವನೇ. ಬ್ಲಾಕುಗಳು ಕೂರುವುದನ್ನು ನಿಲ್ಲಿಸಿಯೇ ಸಿದ್ಧ ಎಂದು ಹಠ ತೊಟ್ಟು, ಎ ಬ್ಲಾಕಿನ ಸುತ್ತ ಆಳದ ಗುಂಡಿಗಳನ್ನು ತೋಡಿಸಿ, ಲಾರಿಗಟ್ಟಲೆ ಸಿಮೆಂಟು ಸುರಿಸಿದ. ಮರುವರ್ಷ ಮಳೆಗಾಲ ಕಳೆದರೂ ನಮ್ಮ ಬ್ಲಾಕು ಒಂದು ಕೂದಲೆಳೆಯಷ್ಟೂ ಕೂರಲಿಲ್ಲ. ಜನ ಹಬ್ಬ ಮಾಡಿದರು. ಮನೆ ಕೊನೆಗೂ ನಮ್ಮದಾಯಿತು, ಇನ್ನು ಗೋಡೆಗೆ ಮೊಳೆ ಹೊಡೆಯಬಹುದು, ಕಪಾಟು ಕಟ್ಟಿಸಬಹುದು ಎಂದರು. ನಾನೂ ಕುಣಿದೆ. ಬಾಳೆಎಲೆಯಲ್ಲಿ ಸಿಹಿ ಬೂಂದಿ ತಂದು ಅಮ್ಮನ ಮುಂದೆ ಇಟ್ಟೆ.

ಅಮ್ಮ ಬೂಂದಿ ಮುಟ್ಟಲಿಲ್ಲ. "ಹಂಗಾರೆ ಇನ್ ಇಳಿಯಾಕಿಲ್ವಾ ಕೆಂಪಿ?" ಎಂದು ಕೇಳಿದಳು.

"ಇಲ್ಲಮ್ಮ. ಇನ್ ಇಲ್ಲೇ."

"ಇಲ್ಲೇ," ಎಂದು ತಾನೂ ಒಮ್ಮೆ ಹೇಳಿ ನೋಡಿದಳು. ಬಾಲ್ಕನಿಯ ಕಂಬಿಗಳ ನಡುವಿನಿಂದ ಗಲ್ಲಿಯನ್ನು ನೋಡುತ್ತ ಕೂತಳು. ಇಷ್ಟು ದಿನ ಅಮ್ಮ ಏನನ್ನು ಕಾಯುತ್ತಿದ್ದಾಳೆಂದು ದಿನವೂ ನೋಡುತ್ತಿದ್ದವಳು ನಾನು, ಕುಣಿಯುವಾಗ ಅದೊಂದನ್ನೇ ಮರೆತಿದ್ದೆ.

ಬಿ ಬ್ಲಾಕಿನ ಸರದಿ ಬರುವ ಹೊತ್ತಿಗೆ ಎಂಜಿನಿಯರನನ್ನು ಬೇರೆ ಊರಿಗೆ ವರ್ಗ ಮಾಡಿದರು. ಸಿಮೆಂಟು ಬರಲಿಲ್ಲ. ಹೀಗಾಗಿ ನಾವು ನಿಂತೆವು, ಅವರು ಇಳಿಯುತ್ತಲೇ ಹೋದರು. ಮೊದಲ ವರ್ಷ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲಿಲ್ಲ. ಆಮೇಲೆ ಜುಬೇದಮ್ಮ ಮಾತಾಡುವಾಗ ಕತ್ತು ಎತ್ತಬೇಕಾಯಿತು, ಅಮ್ಮ ಬಗ್ಗಬೇಕಾಯಿತು. ಬಿದಿರ ಕೋಲು ಓರೆಯಾಗಿ ಸಾರು ಚೆಲ್ಲತೊಡಗಿದಾಗ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟೆವು. ಅಮ್ಮನ ಹಣೆಯ ಮೇಲೆ ಬಾಲ್ಕನಿಯ ಕಂಬಿಯ ಗುರುತು ನಿಂತೇಹೋಯಿತು. ಗುಟ್ಟಿನ ಮಾತುಗಳೆಲ್ಲ ನಿಂತುಹೋದವು. ಅಷ್ಟು ಕೂಗಿ ಹೇಳಿದರೆ ಗುಟ್ಟಾಗಿ ಉಳಿಯುವುದು ಹೇಗೆ? ಇಬ್ಬರೂ ಸೊಪ್ಪಿನ ರೇಟು, ಮಳೆ, ಮಂಡಿನೋವು ಇಷ್ಟನ್ನೇ ಮಾತಾಡಿಕೊಳ್ಳತೊಡಗಿದರು. ನಾನು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಜೆ ಬರುವಾಗ ಗಲ್ಲಿಯ ತುದಿಗೇ ಇವರ ಅರಚಾಟ ಕೇಳಿಸುತ್ತಿತ್ತು.

ಜುಬೇದಮ್ಮನ ಮನೆ ನೆಲಕ್ಕೆ ಬಂತು. ಹೊಸ್ತಿಲೂ ಗಲ್ಲಿಯೂ ಸಮವಾಗಿರುವುದು ಒಂದೇ ಒಂದು ಬೇಸಿಗೆ. ಮುಂದಿನ ಮಳೆಗೆ ಹೊಸ್ತಿಲು ಕೆಳಗೆ ಹೋಗುತ್ತದೆ, ಆಮೇಲೆ ಹೊರಗೆ ಬರಲು ಹತ್ತಲೇಬೇಕು. ಬಿ ಬ್ಲಾಕಿನ ಹೆಂಗಸರು ಪಾಯಸಕ್ಕೆ ಬೆಲ್ಲ ತಂದಿಟ್ಟರು. ಜುಬೇದಮ್ಮ ಹೊಸ್ತಿಲ ಒಳಗೆ ಬಂದು ಕೂತಳು. ಆಚೆ ಕಾಲಿಡಲಿಲ್ಲ.

"ಇಳಿಯೇ!" ಎಂದು ಅಮ್ಮ ಮೇಲಿನಿಂದ ಕೂಗಿದಳು. "ನಿಂಗೇನ್ ಬಂದದೆ ಧಾಡಿ? ಒಂದ್ ಹೆಜ್ಜೆ ಅಲ್ವಾ?"

"ಇಬ್ರೂ ಅಂತ ಮಾತಾಗಿತ್ತು."

"ಮಾತ್ ಮನೆ ಹಾಳಾಗ. ನನ್ನ ಪಾಲಿಂದೂ ಸೇರಿಸಿ ನೀನೇ ತುಳಿಯೇ."

"ನಿನ್ನ ಪಾಲಿಂದು ನೀನೇ ಬಂದು ತುಳಿ. ನಾನು ಕಾಯ್ತೀನಿ."

ಬೇಸಿಗೆಯುದ್ದಕ್ಕೂ ಇದೇ ಆಯಿತು. ಅಮ್ಮ ಬೇಡಿದಳು, ಬಯ್ದಳು, ಒಮ್ಮೆ ಮೂರು ದಿನ ಮಾತು ಬಿಟ್ಟಳು. ಜುಬೇದಮ್ಮ ಜಗ್ಗಲಿಲ್ಲ. ನಾನು ತಡೆಯಲಾರದೆ ಮಾರಣ್ಣನನ್ನು ಕರೆತಂದೆ. "ಕುರ್ಚೀಲಿ ಇಳಿಸ್ಬಿಡಣ ಅಮ್ಮ, ಯಾರೇನ್ ಅಂದ್ಕೊಂಡ್ರೇನು," ಎಂದೆ. ಅಮ್ಮ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. "ನಾನಿನ್ನೂ ಉಸಿರಾಡ್ತಿದೀನಿ ಕೆಂಪಿ. ಹೊತ್ಕೊಂಡ್ ಹೋಗದು ಹೆಣಾನ," ಎಂದಳು. ಮಾರಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮಳೆ ಬಂತು. ಎದುರಿನ ಹೊಸ್ತಿಲು ಮಣ್ಣಿನೊಳಗೆ ಇಳಿಯಿತು. ತಂದಿಟ್ಟ ಬೆಲ್ಲ ಹಾಗೇ ಕರಗಿತು.

ಅದಾದ ಒಂದೆರಡು ವರ್ಷಕ್ಕೆ ಜುಬೇದಮ್ಮನ ಬಾಗಿಲಿಗೆ ಕೆಂಪು ಬಣ್ಣ ಬಿತ್ತು. ಅವಳು ಮತ್ತೆ ಕುರ್ಚಿಯಲ್ಲಿ ಮೂರನೇ ಮಹಡಿಗೆ ಹೋಗಬೇಕಿತ್ತು. ಸಂಜೆ ಸಾಗಿಸುವುದೆಂದು ಮಾತಾಗಿತ್ತು. ನಾನು ಅಂಗಡಿಗೆ ರಜೆ ಹಾಕಿ, ಬೆಳಿಗ್ಗೆಯೇ ಅವಳ ಪಾತ್ರೆ ಕಟ್ಟಲು ಹೋದೆ. ಹೊರಡುವಾಗ ಅಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕೂತಿದ್ದಳು. "ಸಂಜೇವರ್ಗೂ ಅಲ್ಲೇ ಇರ್ತೀಯಾ?" ಎಂದು ಕೇಳಿದಳು. ಹೂಂ ಎಂದೆ. ಗೆಳತಿ ಗಲ್ಲಿ ದಾಟುವುದನ್ನು ನೋಡಲು ಸಿಂಗರಿಸಿಕೊಂಡಿದ್ದಾಳೆ ಎಂದುಕೊಂಡೆ. ಹೆಚ್ಚು ವಿಚಾರ ಮಾಡಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆಯೇ ಮೋಡ ಕಟ್ಟಿತು. ಮಳೆ ಶುರುವಾದರೆ ಮೆಟ್ಟಿಲು ಜಾರುತ್ತದೆಂದು ಮಾರಣ್ಣ ಅವಸರ ಮಾಡಿದ. "ಈಗ್ಲೇ ಎತ್ಬಿಡಣ," ಎಂದ. ಜುಬೇದಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಗುಂಡಿಯಂತಾಗಿದ್ದ ಬಾಗಿಲಿನಿಂದ ಮೇಲೆತ್ತಿ ಗಲ್ಲಿಯಲ್ಲಿ ಇಟ್ಟರು. ಅವಳು ಎರಡೂ ಕಾಲುಗಳನ್ನು ಮಡಚಿಕೊಂಡಳು. ಆ ಸೊಂಟ ಇಟ್ಟುಕೊಂಡು ಕಾಲು ಮಡಚುವುದೆಂದರೆ ಸುಮ್ಮನೆ ಮಾತಲ್ಲ, ನೋವಿಗೆ ಮುಖ ಕಪ್ಪಿಟ್ಟಿತು. ಆದರೂ ಒಂದು ಬೆರಳೂ ಮಣ್ಣಿಗೆ ತಾಗಗೊಡಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ತಲೆ ತಗ್ಗಿಸಿಯೇ ಕೂತಳು.

"ಮೇಲೆ ನೋಡಲ್ವಾ ಜುಬೇದಮ್ಮ? ಅಮ್ಮ ಕಾಯ್ತಿರ್ತಾಳೆ," ಎಂದೆ.

"ಇಲ್ಲಿಂದ ಬೇಡ ಮಗಳೇ. ಎರಡನೇ ಮಹಡಿ ತಿರುವಲ್ಲಿ ಕಿಟಕಿ ಐತಲ್ಲ, ಅಲ್ಲಿ ಕುರ್ಚಿ ಇಳ್ಸೋಕೆ ಹೇಳಿದೀನಿ. ಅಲ್ಲಿ ಅವಳ ಮುಖ ನೆಟ್ಟಗೆ ಸಿಗುತ್ತೆ. ಎಷ್ಟ್ ವರ್ಷ ಆಯ್ತು, ಕತ್ತು ಎತ್ತದೆ ಅವಳನ್ನ ನೋಡಿ."

ಆ ಕಿಟಕಿಯ ಬಳಿ ಕುರ್ಚಿ ಇಳಿಸಿದರು. ಜುಬೇದಮ್ಮ ಸೆರಗು ಸರಿಸಿ, ಮುಖ ಒರೆಸಿಕೊಂಡು, ನಗುತ್ತ ಆಚೆ ನೋಡಿದಳು. ನೇರ ಎದುರಿಗೆ ನಮ್ಮ ಬಾಲ್ಕನಿ. ಊದುಬತ್ತಿಯ ಮಣೆ ಇತ್ತು. ಅಮ್ಮ ಇರಲಿಲ್ಲ. ಒಳಮನೆಯ ಬಾಗಿಲು ಹಾರುಹೊಡೆದಿತ್ತು, ಒಳಗೂ ಯಾರಿಲ್ಲ. ಕೆಳಗೆ ನೋಡಿದರೆ ಎ ಬ್ಲಾಕಿನ ಮೆಟ್ಟಿಲ ಬಾಯಲ್ಲಿ ಹೆಂಗಸರು ಮುತ್ತಿಕೊಂಡಿದ್ದರು. ಒಬ್ಬಳು ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

ನಮ್ಮಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕುರ್ಚಿಯಲ್ಲಿ ಮೇಲೆ ಹೋದವಳು ಮೇಲೆ ಇಲ್ಲವೆಂದರೆ, ಕೆಳಗೆ ಹೆಂಗಸರು ಸೇರಿದ್ದಾರೆಂದರೆ, ಅರ್ಥ ಒಂದೇ. ಜುಬೇದಮ್ಮ ಎದೆ ಹೊಡೆದುಕೊಂಡು "ಯಾ ಅಲ್ಲಾ, ಹೋದ್ಯೇನೇ ಅಕ್ಕಾ" ಎಂದು ಕಿರುಚಿದಳು. ಮಾರಣ್ಣ ತಲೆಯ ಟವೆಲ್ಲು ತೆಗೆದ. ನನ್ನ ಬುದ್ಧಿಯೂ ಬೇರೆ ಏನನ್ನೂ ಯೋಚಿಸಲಿಲ್ಲ. ಬೆಳಿಗ್ಗೆ ಒಗೆದ ಸೀರೆ ಉಟ್ಟಿದ್ದು ಅದಕ್ಕೇ ಎಂದುಕೊಂಡು, ಕೈಯಲ್ಲಿದ್ದ ಪಾತ್ರೆಗಂಟು ಅಲ್ಲೇ ಎಸೆದು, ಅಳುತ್ತ ಮೆಟ್ಟಿಲು ಇಳಿದು ಓಡಿದೆ.

ಹೆಂಗಸರನ್ನು ತಳ್ಳಿಕೊಂಡು ನುಗ್ಗಿದರೆ ಅಮ್ಮ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸೀರೆಯೆಲ್ಲ ಧೂಳು, ಮೊಣಕೈ ತರಚಿ ರಕ್ತ, ಮುಖದ ತುಂಬ ಬೆವರು. ನನ್ನನ್ನು ನೋಡಿ ಏದುಸಿರು ಬಿಡುತ್ತ ನಕ್ಕಳು.

"ಕೂತ್ಕೊಂಡೇ ಇಳ್ದೆ ಕಣೆ ಕೆಂಪಿ! ಒಂದೊಂದೇ ಮೆಟ್ಲು. ಯಾರೂ ಹೊರ್ಲಿಲ್ಲ. ಇಷ್ಟ್ ವರ್ಷ ಯಾಕ್ ಹೊಳೀಲಿಲ್ಲ ಅಂತ ನನ್ ಬುದ್ಧಿಗೆ ಬಯ್ಕೊಂಡೇ ಇಳ್ದೆ. ನೀನ್ ತಡೀತೀಯ ಅಂತ ಹೇಳ್ಲಿಲ್ಲ. ಅವ್ಳ ಕುರ್ಚಿ ಗಲ್ಲೀಗ್ ಬರೋವಾಗ ನಾನೂ ಅಲ್ಲಿರ್ಬೇಕು ಅಂತ. ಎಲ್ಲವ್ಳೆ?"

ಕೂತು ಇಳಿಯುವುದು! ಎರಡೂ ಬ್ಲಾಕುಗಳಲ್ಲಿ, ನನಗೆ ನೆನಪಿರುವಷ್ಟು ಕಾಲದಲ್ಲಿ, ಯಾರಿಗೂ ಅದು ಹೊಳೆದಿರಲಿಲ್ಲ. ಇಳಿಸುವುದು ಮನೆಯ ಕೆಲಸ ಎಂದು ನಾವೆಲ್ಲ ನಂಬಿದ್ದೆವು. ಎದುರಿನ ಹೊಸ್ತಿಲು ಸಮವಾಗಿದ್ದ ಆ ಬೇಸಿಗೆಯಲ್ಲಿ ಯಾರಾದರೊಬ್ಬರಿಗೆ ಇದು ಹೊಳೆದಿದ್ದರೆ! ಈಗಲೂ ಅದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

"ಸಂಜೆ ಅಂದಿದ್ರಲ್ಲ?" ಎಂದಳು ಅಮ್ಮ, ನನ್ನ ಮುಖ ನೋಡಿ.

"ಮೇಲೆ ಹೋದ್ಲಮ್ಮ. ಈಗಷ್ಟೆ ಎತ್ಕೊಂಡು ಹೋದ್ರು."

ಅಷ್ಟರಲ್ಲಿ ಬಿ ಬ್ಲಾಕಿನ ಮೇಲಿನಿಂದ ಅಳು ಕೇಳಿಸಿತು. ದೇವೀರಕ್ಕಾ, ದೇವೀರಕ್ಕಾ ಎಂದು ಜುಬೇದಮ್ಮ ಹೆಸರು ಹಿಡಿದು ಅಳುತ್ತಿದ್ದಳು. ಅವಳು ಅಳುತ್ತಿದ್ದಂತೆ ಒಂದೊಂದೇ ಮಹಡಿಯ ಹೆಂಗಸರು ಒಲೆ ಆರಿಸಿ ಹೊರಬಂದು, ಅಭ್ಯಾಸದಂತೆ ತಾವೂ ದನಿ ಸೇರಿಸಿದರು. ಅಮ್ಮ ಕತ್ತೆತ್ತಿ, "ಏ ಮುಚ್ರೇ ಬಾಯ್ನಾ! ಇದೀನಿ ಕಣ್ರೇ ನಾನು!" ಎಂದು ಕೂಗಿದಳು. ಅಷ್ಟು ಜನರ ಅಳುವಿನಲ್ಲಿ ಅವಳ ದನಿ ಯಾರಿಗೆ ಕೇಳಬೇಕು? ಎರಡು ಸಲ ಕೂಗಿ ಸುಮ್ಮನಾದಳು. ತನಗಾಗಿ ಗೆಳತಿ ಅಳುವುದನ್ನು ಕೇಳುತ್ತ ನಿಂತಳು. ಗೋಡೆ ಹಿಡಿದು, ಹೌದು, ನಿಂತೇ ಇದ್ದಳು, ಬರಿಗಾಲು ಗಲ್ಲಿಯ ಮಣ್ಣಿನ ಮೇಲೆ.

ನಾನು ಮತ್ತೆ ಓಡಿದೆ. ಜುಬೇದಮ್ಮನನ್ನು ಹೊಸ ಮನೆಯೊಳಗೆ ಇಳಿಸಿ ಹೆಂಗಸರು ನೀರು ಕುಡಿಸುತ್ತಿದ್ದರು. "ಅಮ್ಮ ಬದುಕವ್ಳೆ, ಕೂತ್ಕೊಂಡೇ ಇಳಿದವ್ಳೆ," ಎಂದರೆ ಅವಳು ನನ್ನ ತಲೆ ಸವರಿ, "ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಗಳೇ, ನಿನ್ನ ದುಃಖಾನೇ ನಿಂಗೆ ಹೊರೆ," ಎಂದಳು. ಕಡೆಗೆ ಅವಳ ಎರಡೂ ರಟ್ಟೆ ಹಿಡಿದು ಎಬ್ಬಿಸಿ, ಒಂದೊಂದೇ ಹೆಜ್ಜೆ ಹಾಕಿಸಿ ಬಾಲ್ಕನಿಗೆ ಕರೆತಂದೆ. ಹೊಸ ಸಾಲಿನ ಬಾಲ್ಕನಿಗಳಿಗೆ ಕಂಬಿಯ ಬದಲು ಇಟ್ಟಿಗೆಯ ಗೋಡೆ ಕಟ್ಟಿದ್ದರು. ಅದರ ಮೇಲೆ ಕೈಯೂರಿ ಅವಳು ಕೆಳಗೆ ನೋಡಿದಳು.

ಅಮ್ಮ ಗಲ್ಲಿಯ ಮಧ್ಯಕ್ಕೆ ಬಂದು ನಿಂತಿದ್ದಳು. ಸುತ್ತ ಹೆಂಗಸರು ದೂರ ಸರಿದು ಜಾಗ ಬಿಟ್ಟಿದ್ದರು. ಮಳೆಯ ಮೊದಲ ಹನಿಗಳು ಬೀಳುತ್ತಿದ್ದವು. ಅಳು ಒಂದೊಂದಾಗಿ ನಿಂತಿತು. ಒಬ್ಬಳು ನೆಲದ ಮೇಲೆ, ಒಬ್ಬಳು ತುತ್ತತುದಿಯ ಮನೆಯಲ್ಲಿ. ಅಷ್ಟು ವರ್ಷಗಳಲ್ಲಿ ಅವರಿಬ್ಬರು ಇಷ್ಟು ದೂರ ಎಂದೂ ಇರಲಿಲ್ಲ. ಈಗ ಕೂಗಿದ್ದರೆ ಕೇಳಿಸುತ್ತಿತ್ತು. ಇಬ್ಬರೂ ಕೂಗಲಿಲ್ಲ.

ಅಮ್ಮ ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಅಲ್ಲೇ ಗಲ್ಲಿಯ ನಡುವೆ ಕೂತಳು. ಕೂತು, ಪಕ್ಕದ ಮಣ್ಣನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

"ಕೂತ್ಲು," ಎಂದಳು ಜುಬೇದಮ್ಮ. "ನನ್ನನ್ನೂ ಕೂರಿಸು."

"ಒಳಗೆ ಬನ್ನಿ, ಮಳೆ ಬರ್ತಾ ಇದೆ."

"ಇಲ್ಲೇ ಕೂರಿಸು ಮಗಳೇ. ಒಟ್ಟಿಗೆ ಅಂತ ಮಾತು."

ಅವಳನ್ನು ನಿಧಾನವಾಗಿ ಬಾಲ್ಕನಿಯ ನೆಲದ ಮೇಲೆ ಕೂರಿಸಿದೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಆ ಗೋಡೆಯ ಹಿಂದೆ ಅವಳಿಗೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಕೆಳಗೆ ಅಮ್ಮನಿಗೂ ಅವಳು ಕಾಣಲಿಲ್ಲ. ಮಳೆ ಜೋರಾಯಿತು. ನಾವು ಯಾರು ಎಷ್ಟು ಕರೆದರೂ ಇಬ್ಬರೂ ಏಳಲಿಲ್ಲ.